ಹಳೆಯ ಸ್ಯಾಶ್ ಕಿಟಕಿ: ಕೀಳಿಸುವ ಮೊದಲು ಒಂದು ಸಲ ಬಿಚ್ಚಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮೇಲೆ-ಕೆಳಗೆ ಸರಿಯುವ ಮರದ ಸ್ಯಾಶ್ ಕಿಟಕಿಗಳ ಬಗ್ಗೆಯೇ ಪ್ರಶ್ನೆ ಜಾಸ್ತಿ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾವು ಕೊಂಡ ಹಳೆಯ ಮನೆಯಲ್ಲಿ ಇರುವುದೆಲ್ಲಾ ಸ್ಯಾಶ್ ಕಿಟಕಿಗಳೇ. ಕೆಲವು ತೆರೆಯುವುದೇ ಇಲ್ಲ. ಕೆಲವನ್ನು ಎತ್ತಿ ಕೈಬಿಟ್ಟರೆ ಧಡ್ ಅಂತ ಕೆಳಗೆ ಬೀಳುತ್ತವೆ. ಗಾಳಿ ಬೀಸಿದರೆ ರಾತ್ರಿಯಿಡೀ ಗಡಗಡ ಸದ್ದು. ನೋಡಲು ಬಂದ ಗುತ್ತಿಗೆದಾರರು ‘ಇವುಗಳ ಆಯಸ್ಸು ಮುಗಿದಿದೆ, ಎಲ್ಲಾ ಕಿತ್ತು ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಹಾಕಿಸಿ’ ಅಂತಾರೆ. ನಿಜಾನಾ?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದೂ ಮರ ಹಾಳಾಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ತೆರೆಯದಿರುವುದಕ್ಕೆ ಹೆಚ್ಚಿನ ಸಲ ಕಾರಣ ಬಣ್ಣ. ವರ್ಷಗಟ್ಟಲೆ ಒಂದರ ಮೇಲೊಂದು ಬಳಿದ ಬಣ್ಣ ಸ್ಯಾಶನ್ನೂ (ಗಾಜು ಕೂರಿಸಿದ, ಸರಿಯುವ ಭಾಗ) ಚೌಕಟ್ಟನ್ನೂ ಅಂಟಿಸಿಬಿಟ್ಟಿರುತ್ತದೆ. ಧಡ್ ಅಂತ ಬೀಳುವುದು ಸ್ಯಾಶನ್ನು ಹಿಡಿದಿರುವ ಹಗ್ಗ ಹರಿದಿದ್ದಕ್ಕೆ. ಗಡಗಡ ಅನ್ನುವುದು ಬೀಡಿಂಗ್ ಪಟ್ಟಿ, ಅಂದರೆ ಸ್ಯಾಶ್ ಆಚೀಚೆ ಅಲುಗದಂತೆ ಚೌಕಟ್ಟಿಗೆ ಹೊಡೆದ ತೆಳು ಮರದ ಪಟ್ಟಿ ಸವೆದು ಸಡಿಲವಾಗಿದ್ದಕ್ಕೆ, ಇಲ್ಲವೇ ಎರಡು ಸ್ಯಾಶ್ ಸೇರುವಲ್ಲಿನ ಚಿಲಕ ಬಿಗಿಯಾಗಿ ಎಳೆದು ಹಿಡಿಯದೇ ಇರುವುದಕ್ಕೆ. ಇವೆಲ್ಲಾ ಸವೆಯಲಿ, ಸವೆದ ಮೇಲೆ ಬದಲಾಯಿಸಲಿ ಅಂತಲೇ ಮಾಡಿದ ಭಾಗಗಳು.

ಈ ಕಿಟಕಿ ಒಳಗೆ ಹೇಗಿದೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಎರಡೂ ಪಕ್ಕದ ಚೌಕಟ್ಟು ಗಟ್ಟಿ ಮರ ಅಲ್ಲ, ಒಳಗೆ ಟೊಳ್ಳಾದ ಪೆಟ್ಟಿಗೆ. ಅದರೊಳಗೆ ಕಬ್ಬಿಣದ ಉದ್ದನೆಯ ಗುಂಡುಗಳು ಹಗ್ಗಕ್ಕೆ ನೇತಾಡುತ್ತಿರುತ್ತವೆ. ಹಗ್ಗ ಮೇಲಿನ ರಾಟೆಯ ಮೇಲೆ ಹಾದು ಬಂದು ಸ್ಯಾಶ್‌ನ ಅಂಚಿಗೆ ಸೇರಿರುತ್ತದೆ. ಬಾವಿಯ ರಾಟೆಯ ಹಾಗೆಯೇ, ಈ ಕಡೆ ಕಿಟಕಿ ಮೇಲೆ ಹೋದರೆ ಆ ಕಡೆ ಗುಂಡು ಕೆಳಗೆ ಇಳಿಯುತ್ತದೆ. ಒಂದು ಸ್ಯಾಶ್‌ಗೆ ಎರಡು ಗುಂಡು, ಒಂದು ಕಿಟಕಿಗೆ ನಾಲ್ಕು. ಮೇಲಿನ ಸ್ಯಾಶ್‌ನ ಎರಡು ಗುಂಡುಗಳು ಸೇರಿ ಆ ಸ್ಯಾಶ್‌ಗಿಂತ ತುಸು ಭಾರ ಇರುತ್ತವೆ, ಅದಕ್ಕೇ ಅದು ಮೇಲೆಯೇ ನಿಲ್ಲುತ್ತದೆ. ಕೆಳಗಿನದಕ್ಕೆ ತುಸು ಹಗುರ ಇರುತ್ತವೆ, ಅದಕ್ಕೇ ಅದು ಮುಚ್ಚಿಕೊಂಡೇ ಕೂರುತ್ತದೆ. ಕರೆಂಟು, ಸ್ಪ್ರಿಂಗು ಏನೂ ಇಲ್ಲದೆ ಬರೀ ತೂಕದ ಲೆಕ್ಕದಲ್ಲಿ ನಡೆಯುವ ಇದನ್ನು ಒಂದು ಸಲ ಬಿಚ್ಚಿ ನೋಡಿದವರಿಗೆ ಕಿತ್ತು ಬಿಸಾಡಲು ಮನಸ್ಸು ಬರುವುದಿಲ್ಲ ಅಂತ ನನ್ನ ನಂಬಿಕೆ.

ಹಾಗಾದರೆ ಮರ ಹಾಳಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಒಂದು ದಬ್ಬಣ ತೆಗೆದುಕೊಳ್ಳಿ. ಕೆಳಗಿನ ಸ್ಯಾಶ್‌ನ ತಳದ ಅಡ್ಡಪಟ್ಟಿ, ಅದರ ಎರಡು ಮೂಲೆ, ಚೌಕಟ್ಟಿನ ತಳದ ಅಡ್ಡ ಮರ ಅಂದರೆ ಸಿಲ್, ಸಿಲ್ಲಿಗೆ ತಾಗಿಕೊಂಡಿರುವ ಪಕ್ಕದ ಮರದ ಬುಡ, ಈ ಜಾಗಗಳಲ್ಲಿ ಚುಚ್ಚಿ ನೋಡಿ. ದಬ್ಬಣ ತುದಿ ಮಾತ್ರ ಕಚ್ಚಿ ನಿಂತರೆ ಮರ ಗಟ್ಟಿ ಇದೆ. ಬೆಣ್ಣೆಗೆ ಹೋದಂತೆ ಹೋದರೆ ಕೊಳೆತಿದೆ. ಬಣ್ಣ ಚೆನ್ನಾಗಿ ಕಾಣುತ್ತಿದ್ದರೂ ಚುಚ್ಚಿ, ಯಾಕೆಂದರೆ ಮೇಲೆ ಬಣ್ಣ ಹೊಳೆಯುತ್ತಾ ಒಳಗೆ ಪುಡಿಯಾಗಿರುವುದು ತುಂಬಾ ಸಾಮಾನ್ಯ. ಮರ ಕೊಳೆಸುವ ಬೂಷ್ಟಿಗೆ ತೇವ ಬೇಕು. ಮರದ ತೇವಾಂಶ ಸುಮಾರು ಶೇ 20 ದಾಟಿದರೆ ಮಾತ್ರ ಅದು ಬೆಳೆಯುತ್ತದೆ. ಅದಕ್ಕೇ ಕೊಳೆಯುವುದು ನೀರು ನಿಲ್ಲುವ ಕೆಳಭಾಗ. ಮೇಲಿನ ಮುಕ್ಕಾಲು ಭಾಗ ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ.

ಇನ್ನೊಂದು ವಿಷಯ. ಹಳೆಯ ಕಿಟಕಿಗಳ ಮರ ಹೆಚ್ಚಾಗಿ ನಿಧಾನವಾಗಿ ಬೆಳೆದ, ಎಳೆಗಳು ಒತ್ತೊತ್ತಾಗಿರುವ ಮರ. ಇವತ್ತು ಬೇಗ ಬೆಳೆಸಿ ಕಡಿದ ಮರದಲ್ಲಿ ಆ ಗುಣ ಸಿಗುವುದು ಕಷ್ಟ. ಮರದ ಕಿಟಕಿಯಲ್ಲಿ ಕೆಟ್ಟ ಒಂದು ಪಟ್ಟಿಯನ್ನಷ್ಟೇ ತೆಗೆದು ಹೊಸದು ಕೂರಿಸಬಹುದು. ಯುಪಿವಿಸಿಯಲ್ಲಿ ಮೂಲೆಗಳನ್ನು ಬಿಸಿಮಾಡಿ ಬೆಸೆದಿರುತ್ತಾರೆ, ಹಾಗೆ ತುಂಡು ತುಂಡಾಗಿ ರಿಪೇರಿ ಆಗುವುದಿಲ್ಲ. ಅದರ ಪಟ್ಟಿಗಳೂ ದಪ್ಪ, ಅಷ್ಟರ ಮಟ್ಟಿಗೆ ಗಾಜು ಕಿರಿದಾಗಿ ಬೆಳಕೂ ಕಡಿಮೆ ಬರುತ್ತದೆ. ಅದು ಕೆಟ್ಟ ವಸ್ತು ಅಂತ ಹೇಳುತ್ತಿಲ್ಲ. ಆದರೆ ದಬ್ಬಣ ಚುಚ್ಚಿ ನೋಡದೆ ‘ಆಯಸ್ಸು ಮುಗಿದಿದೆ’ ಅಂದವರ ಮಾತನ್ನು ನಂಬಿ ಎಲ್ಲಾ ಕಿಟಕಿ ಕೀಳಿಸಬೇಡಿ. ಅಷ್ಟೇ ನನ್ನ ಮನವಿ.

ಪ್ರಶ್ನೆ: ನಮ್ಮ ಕಿಟಕಿಯ ಒಂದು ಹಗ್ಗ ಹರಿದು ಗುಂಡು ಪೆಟ್ಟಿಗೆಯೊಳಗೆ ಬಿದ್ದಿದೆ. ಕೈಗೆಲಸ ಸ್ವಲ್ಪ ಬರುತ್ತದೆ. ನಾನೇ ಹಾಕಬಹುದಾ?

ಉತ್ತರ: ಹಾಕಬಹುದು. ಜೊತೆಗೆ ಇನ್ನೊಬ್ಬರು ಇರಲೇಬೇಕು, ಗಾಜಿನ ಸಮೇತ ಸ್ಯಾಶ್ ಅಂದುಕೊಂಡಿದ್ದಕ್ಕಿಂತ ಭಾರ ಇರುತ್ತದೆ. ಒಂದು ಹಗ್ಗ ಹರಿದಿದ್ದರೂ ನಾಲ್ಕನ್ನೂ ಬದಲಾಯಿಸಿ. ಎಲ್ಲಕ್ಕೂ ಒಂದೇ ವಯಸ್ಸು, ಉಳಿದವೂ ಇವತ್ತಲ್ಲ ನಾಳೆ ಹರಿಯುತ್ತವೆ, ಪ್ರತಿ ಸಲ ಇಷ್ಟೆಲ್ಲಾ ಬಿಚ್ಚುವವರು ಯಾರು ಹೇಳಿ. ಕೆಲಸ ಮುಗಿಯುವವರೆಗೆ ಆ ಕಿಟಕಿಯನ್ನು ತೆರೆಯಬೇಡಿ. ಒಂದೇ ಹಗ್ಗದ ಮೇಲೆ ನಿಂತ ಸ್ಯಾಶ್ ಯಾವಾಗ ಬೇಕಾದರೂ ಬೆರಳ ಮೇಲೆ ಬೀಳಬಹುದು.

ಮೊದಲು ಒಳಗಿನ ಬೀಡಿಂಗ್ ಪಟ್ಟಿ ತೆಗೆಯಬೇಕು. ಚಾಕುವಿನಿಂದ ಪಟ್ಟಿಯ ಉದ್ದಕ್ಕೂ ಬಣ್ಣದ ಗೆರೆ ಕೊಯ್ಯಿರಿ, ಇಲ್ಲದಿದ್ದರೆ ಬಣ್ಣ ಹಾಳೆ ಹಾಳೆಯಾಗಿ ಕಿತ್ತು ಬರುತ್ತದೆ. ಆಮೇಲೆ ಅಗಲವಾದ ಉಳಿಯನ್ನು ಪಟ್ಟಿಯ ನಡುಮಧ್ಯಕ್ಕೆ ಹಾಕಿ ಮೆಲ್ಲಗೆ ಮೀಟಿ. ತುದಿಯಿಂದ ಶುರುಮಾಡಿದರೆ ಮೂಲೆ ಮುರಿಯುತ್ತದೆ. ನಡುವಿನಿಂದ ಮೀಟಿದರೆ ಪಟ್ಟಿ ಬಿಲ್ಲಾಗಿ ಬಾಗಿ ತಾನೇ ಹೊರಗೆ ಬರುತ್ತದೆ. ಈಗ ಕೆಳಗಿನ ಸ್ಯಾಶನ್ನು ಒಳಗೆ ಎಳೆದುಕೊಳ್ಳಬಹುದು. ಇನ್ನೂ ಹರಿಯದ ಹಗ್ಗ ಇದ್ದರೆ ಸುಮ್ನೆ ಕತ್ತರಿಸಬೇಡಿ, ಗುಂಡು ಪೆಟ್ಟಿಗೆಯೊಳಗೆ ದಢಾರ್ ಅಂತ ಬೀಳುತ್ತದೆ. ಒಬ್ಬರು ಹಗ್ಗ ಹಿಡಿದುಕೊಂಡಿರಿ, ಇನ್ನೊಬ್ಬರು ಸ್ಯಾಶ್‌ನಿಂದ ಬಿಡಿಸಿ, ಆಮೇಲೆ ನಿಧಾನವಾಗಿ ಇಳಿಬಿಡಿ.

ಎರಡು ಸ್ಯಾಶ್‌ಗಳ ನಡುವೆ ಸಣ್ಣ ಕೊರಕಲಿನಲ್ಲಿ ಕೂತಿರುವ ಇನ್ನೊಂದು ತೆಳು ಪಟ್ಟಿ ಇರುತ್ತದೆ. ಅದನ್ನು ತೆಗೆದರೆ ಮೇಲಿನ ಸ್ಯಾಶ್ ಬರುತ್ತದೆ. ಆ ಪಟ್ಟಿ ಹೆಚ್ಚಾಗಿ ಮುರಿಯುತ್ತದೆ, ಬೇಜಾರು ಬೇಡ, ಅದೇ ಅಳತೆಗೆ ಹೊಸದು ಕೊಯ್ಸಿಕೊಂಡರಾಯಿತು. ಪಕ್ಕದ ಚೌಕಟ್ಟಿನ ಕೆಳಭಾಗದಲ್ಲಿ ಒಂದು ಚಿಕ್ಕ ಮುಚ್ಚಳ ಇದೆ. ಬಣ್ಣದ ಕೆಳಗೆ ಮುಚ್ಚಿಹೋಗಿ ಕಾಣದೇ ಇರಬಹುದು, ತಟ್ಟಿ ನೋಡಿ, ಬೆರಳಾಡಿಸಿ ಗೆರೆ ಹುಡುಕಿ. ಅದನ್ನು ತೆಗೆದರೆ ಗುಂಡು ಕೈಗೆ ಸಿಗುತ್ತದೆ. ಯಾವ ಗುಂಡು ಯಾವ ಸ್ಯಾಶ್‌ನದ್ದು, ಯಾವ ಪಕ್ಕದ್ದು ಅಂತ ಚಾಕ್‌ನಲ್ಲಿ ಬರೆದಿಡಿ. ಅದಲು ಬದಲಾದರೆ ಆ ತೂಕದ ಲೆಕ್ಕವೇ ಕೆಡುತ್ತದೆ.

ಹೊಸ ಹಗ್ಗ ಒಳಗೆ ಇಳಿಸುವುದಕ್ಕೆ ಒಂದು ಉಪಾಯ: ತೆಳ್ಳನೆಯ ದಾರದ ತುದಿಗೆ ಬಗ್ಗಿಸಿದ ಸಣ್ಣ ಮೊಳೆ ಕಟ್ಟಿ ರಾಟೆಯ ಮೇಲಿಂದ ಇಳಿಬಿಡಿ, ಕೆಳಗಿನ ಮುಚ್ಚಳದ ಕಿಂಡಿಯಲ್ಲಿ ಹಿಡಿದುಕೊಳ್ಳಿ, ದಾರದ ಇನ್ನೊಂದು ತುದಿಗೆ ಹಗ್ಗ ಕಟ್ಟಿ ಎಳೆಯಿರಿ. ಸ್ಯಾಶ್ ಕಿಟಕಿಗೆ ಅಂತಲೇ ನೇಯ್ದ ಮೇಣ ಹಚ್ಚಿದ ಹತ್ತಿ ಹಗ್ಗ ಒಳ್ಳೆಯದು. ಸಾದಾ ನೈಲಾನ್ ಹಗ್ಗ ಬೇಡ, ಭಾರಕ್ಕೆ ಎಳೆದುಕೊಂಡು ಉದ್ದವಾಗುತ್ತದೆ.

ಉದ್ದದ ಲೆಕ್ಕದಲ್ಲಿ ಎಡವುವವರೇ ಜಾಸ್ತಿ. ಕೆಳಗಿನ ಸ್ಯಾಶ್ ಪೂರ್ತಿ ಮುಚ್ಚಿ ಸಿಲ್ ಮೇಲೆ ಕೂತಾಗ ಅದರ ಗುಂಡು ರಾಟೆಗಿಂತ ಸುಮಾರು 50 ಮಿ.ಮೀ. ಕೆಳಗೆ ಇರಬೇಕು, ರಾಟೆಗೆ ಬಡಿಯಬಾರದು. ಮೇಲಿನ ಸ್ಯಾಶ್ ಪೂರ್ತಿ ಮೇಲಿದ್ದಾಗ ಅದರ ಗುಂಡು ಪೆಟ್ಟಿಗೆಯ ತಳಕ್ಕಿಂತ ಅಷ್ಟೇ ಮೇಲಿರಬೇಕು, ಯಾಕೆಂದರೆ ಹೊಸ ಹಗ್ಗ ಸ್ವಲ್ಪ ಎಳೆದುಕೊಳ್ಳುತ್ತದೆ, ಗುಂಡು ತಳ ಮುಟ್ಟಿದರೆ ಕಿಟಕಿ ಆ ಕೊನೆಯ ಇಂಚು ಮೇಲೇರುವುದಿಲ್ಲ. ಇನ್ನು ಮೊಳೆ. ಹಗ್ಗವನ್ನು ಸ್ಯಾಶ್‌ನ ಪಕ್ಕದ ಕೊರಕಲಿಗೆ ಹೊಡೆಯುವಾಗ ತೀರಾ ಮೇಲ್ತುದಿಗೆ ಮೊಳೆ ಹೊಡೆದರೆ, ಸ್ಯಾಶ್ ಪೂರ್ತಿ ಮೇಲೆ ಹೋಗುವ ಮೊದಲೇ ಆ ಮೊಳೆ ರಾಟೆಗೆ ಬಂದು ನಿಲ್ಲುತ್ತದೆ. ಸ್ಯಾಶ್ ಪೂರ್ತಿ ಮೇಲಿದ್ದಾಗ ಅದರ ಮೇಲ್ತುದಿಯಿಂದ ರಾಟೆ ಎಷ್ಟು ಕೆಳಗಿರುತ್ತದೆಯೋ ಅಷ್ಟು ಜಾಗ ಬಿಟ್ಟು ಅದರ ಕೆಳಗೆ ಹೊಡೆಯಿರಿ. ಚಿಕ್ಕ ಮೊಳೆ ಸಾಕು, ಉದ್ದನೆಯದು ಗಾಜಿಗೆ ತಾಗುತ್ತದೆ.

ಎಲ್ಲಾ ಬಿಚ್ಚಿದ್ದಾಗಲೇ ರಾಟೆಯ ಅಚ್ಚಿಗೆ ಒಂದು ಹನಿ ಎಣ್ಣೆ ಬಿಡಿ. ಸ್ಯಾಶ್ ಸರಿಯುವ ದಾರಿಗೆ ಮೇಣದಬತ್ತಿ ಉಜ್ಜಿ. ಹಗ್ಗಕ್ಕೆ, ರಾಟೆಗೆ ಯಾವತ್ತೂ ಬಣ್ಣ ಬಳಿಯಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಕಿಟಕಿ ಉಬ್ಬಿ ಬಿಗಿಯಾಗುತ್ತದೆ. ರಂದ ಹೊಡೆಸಲೇ?

ಉತ್ತರ: ಮಳೆಗಾಲದಲ್ಲಿ ಬೇಡ. ಒಣಗಿದ ಮೇಲೆ ಮರ ಕುಗ್ಗಿ ಮತ್ತೆ ಗಡಗಡ ಶುರುವಾಗುತ್ತದೆ. ಒಣ ದಿನಗಳಲ್ಲೂ ಬಿಗಿ ಇದ್ದರೆ ಮೊದಲು ಅಂಚಿನ ಹಳೆಯ ಬಣ್ಣದ ಪದರ ತೆಗೆಯಿರಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಅಷ್ಟಾದರೂ ಬಿಗಿ ಇದ್ದರೆ ಒಂದೊಂದು ಪಕ್ಕಕ್ಕೆ 1.5ರಿಂದ 2 ಮಿ.ಮೀ. ಸಡಿಲ ಸಿಗುವಷ್ಟು ಮಾತ್ರ ರಂದ ಹೊಡೆಯಿರಿ, ಬಣ್ಣವಿಲ್ಲದ ಬರೀ ಮರ ಕಂಡ ಕಡೆಗೆಲ್ಲಾ ಅವತ್ತೇ ಪ್ರೈಮರ್ ಹಚ್ಚಿ.

ಪ್ರಶ್ನೆ: ಸಿಲ್‌ನ ಒಂದು ಮೂಲೆ, ಸ್ಯಾಶ್‌ನ ತಳದ ಪಟ್ಟಿ ಕೊಳೆತಿದೆ. ಬಣ್ಣ ಬಳಿಯಲು ಬಂದವರು ಗೋಡೆಗೆ ಹಚ್ಚುವ ಪುಟ್ಟಿ ತುಂಬಿ ಬಣ್ಣ ಹೊಡೆದು ಹೋದರು. ಒಂದೇ ವರ್ಷಕ್ಕೆ ಮತ್ತೆ ಉದುರಿದೆ.

ಉತ್ತರ: ಉದುರಲೇಬೇಕಿತ್ತು. ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಗೋಡೆ ಪುಟ್ಟಿಗೆ, ಸಿಮೆಂಟಿಗೆ ಆ ಬಾಗು ಇಲ್ಲ. ಸುತ್ತ ಬಿರುಕು ಬಿಟ್ಟು ಆ ಬಿರುಕಲ್ಲಿ ನೀರು ಸೇರಿ, ಮೊದಲಿಗಿಂತ ಬೇಗ ಕೊಳೆಸುತ್ತದೆ.

ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಪೂರ್ತಿ ಕೆತ್ತಿ ತೆಗೆಯಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ. ಹೆಬ್ಬೆರಳಷ್ಟು ಜಾಗ ಆದರೆ ಮರಕ್ಕೆಂದೇ ಬರುವ ಎರಡು ಭಾಗ ಬೆರೆಸುವ ಎಪಾಕ್ಸಿ ಸಾಕು. ಆದರೆ ಮರ ಚೆನ್ನಾಗಿ ಒಣಗಿರಬೇಕು, ಹಸಿ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ಬಡಗಿಯ ಕೈಲಿ ಹೊಸ ಮರದ ತುಂಡು ಕೂರಿಸಿ. ಅದೇ ಜಾತಿಯ ಅಥವಾ ಅದಕ್ಕೆ ಹತ್ತಿರದ ಮರ ಇರಲಿ, ಎಳೆಯ ದಿಕ್ಕು ಹೊಂದಲಿ, ಜೋಡಣೆಯ ಗೆರೆ ನೀರು ಹರಿದು ಹೋಗುವಂತೆ ಓರೆಯಾಗಿರಲಿ. ತಳದ ಪಟ್ಟಿ ಪೂರ್ತಿ ಹೋಗಿದ್ದರೆ ಆ ಪಟ್ಟಿ ಒಂದನ್ನೇ ಹೊಸದು ಮಾಡಿಸಬಹುದು.

ಆಮೇಲೆ ನೀರು ಎಲ್ಲಿಂದ ಬಂತು ಅಂತ ಹುಡುಕಿ, ಇಲ್ಲದಿದ್ದರೆ ಹೊಸ ಮರವೂ ಅದೇ ದಾರಿ ಹಿಡಿಯುತ್ತದೆ. ಸಿಲ್ ಹೊರಗಿನ ಕಡೆಗೆ ಇಳಿಜಾರಾಗಿರಬೇಕು. ಅದರ ಅಡಿಯಲ್ಲಿ ಕೈ ಹಾಕಿ ನೋಡಿ, ಉದ್ದಕ್ಕೂ ಒಂದು ಸಣ್ಣ ಗೀರು ಇರಬೇಕು. ಹರಿದು ಬಂದ ನೀರು ಗೋಡೆಗೆ ಹೋಗದೆ ಅಲ್ಲೇ ತೊಟ್ಟಿಕ್ಕಲಿ ಅಂತ ಅದನ್ನು ಮಾಡಿರುತ್ತಾರೆ. ಎಷ್ಟೋ ಮನೆಗಳಲ್ಲಿ ಬಣ್ಣ ತುಂಬಿ ಅದು ಮುಚ್ಚಿಹೋಗಿರುತ್ತದೆ. ಕೆರೆದು ತೆಗೆಯಿರಿ. ಗಾಜಿನ ಸುತ್ತಲಿನ ಪುಟ್ಟಿ ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದಲೂ ನೀರು ನುಗ್ಗುತ್ತದೆ. ಅಗಸೆ ಎಣ್ಣೆಯ ಪುಟ್ಟಿ ಹೊಸದಾಗಿ ಹಾಕಿದರೆ ಮೇಲೆ ತೊಗಲು ಕಟ್ಟಲು ಒಂದೆರಡು ವಾರ ಬಿಡಿ, ಆಮೇಲೆ ಬಣ್ಣ. ಆ ಬಣ್ಣ ಪುಟ್ಟಿಯ ಅಂಚು ದಾಟಿ ಗಾಜಿನ ಮೇಲೆ ಸುಮಾರು 2 ಮಿ.ಮೀ. ಬರಲಿ. ಬ್ಲೇಡಿನಿಂದ ಅದನ್ನು ಚೊಕ್ಕಟವಾಗಿ ಕೆರೆದು ತೆಗೆಯುವವರಿದ್ದಾರೆ. ದಯವಿಟ್ಟು ಕೆರೆಯಬೇಡಿ, ನೀರನ್ನು ತಡೆಯುವುದೇ ಆ ಗೆರೆ.

ಕೊಳೆತ ಅಂದುಕೊಂಡಿದ್ದು ಗೆದ್ದಲು ಆಗಿದ್ದರೆ ಮಾತ್ರ ಈ ಯಾವ ರಿಪೇರಿಗೂ ಮೊದಲು ಗೆದ್ದಲಿಗೆ ಔಷಧಿ ಮಾಡಿಸಬೇಕು.

ಪ್ರಶ್ನೆ: ಹಳೆಯ ಬಣ್ಣ ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ಬಳಿಯಬೇಕೆಂದಿದ್ದೇವೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಏನಾದರೂ ಎಚ್ಚರಿಕೆ ಬೇಕಾ?

ಉತ್ತರ: ಖಂಡಿತ ಬೇಕು, ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಹಳೆಯ ಬಣ್ಣಗಳಲ್ಲಿ ಸೀಸ ಹಾಕುತ್ತಿದ್ದರು. ಹಲವು ದೇಶಗಳಲ್ಲಿ ಇದು 1970ರ ದಶಕದವರೆಗೂ ನಡೆಯಿತು, ಕೆಲವೆಡೆ ಅದಕ್ಕಿಂತ ಈಚೆಗೂ. ಸೀಸದ ಧೂಳು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಗರ್ಭಿಣಿಯರಿಗೂ ಅಪಾಯ. ಮಕ್ಕಳಿಗೆ ಇಷ್ಟು ಪ್ರಮಾಣದವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಸ್ಯಾಶ್ ಕಿಟಕಿಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಪ್ರತಿ ಸಲ ಎತ್ತಿ ಇಳಿಸುವಾಗ ಮರಕ್ಕೆ ಮರ ಉಜ್ಜಿ ಬಣ್ಣ ಪುಡಿಯಾಗುತ್ತದೆ, ಆ ಪುಡಿ ಸಿಲ್ ಮೇಲೆ, ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಬೀಳುತ್ತದೆ.

ಮೊದಲು ಒಂದು ಚೂರು ಬಣ್ಣ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಗೊತ್ತಾಗುವವರೆಗೆ ಸೀಸ ಇದೆ ಅಂತಲೇ ತಿಳಿದು ನಡೆದುಕೊಳ್ಳಿ. ಒಣ ಸ್ಯಾಂಡ್ ಪೇಪರ್ ಬೇಡ, ಉಜ್ಜುವ ಮಿಷಿನ್ ಬೇಡವೇ ಬೇಡ, ಬೆಂಕಿ ಹಿಡಿದು ಸುಡುವುದಂತೂ ಕೂಡದು, ಸೀಸ ಆವಿಯಾಗಿ ಉಸಿರಿಗೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಕೆರೆಯಿರಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಿ, ಬಟ್ಟೆಯ ಮಾಸ್ಕ್ ಸಾಲದು. ಮುಗಿದ ಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ದಿನಗಳಲ್ಲಿ ಮಗು ಬೇರೆ ಕಡೆ ಇದ್ದರೆ ತುಂಬಾ ಒಳ್ಳೆಯದು. ಗಟ್ಟಿಯಾಗಿ ಕೂತಿರುವ, ಎಲ್ಲೂ ಏಳದ ಬಣ್ಣವನ್ನು ಕೆದಕುವುದಕ್ಕಿಂತ ಅದರ ಮೇಲೆಯೇ ಬಳಿಯುವುದು ಕ್ಷೇಮ.

ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ಮಹಡಿಯ ಮೇಲಿನ ಕಿಟಕಿಯಾದರೆ ಕೆಳಗಿನ ಸ್ಯಾಶ್ 100 ಮಿ.ಮೀ.ಗಿಂತ ಮೇಲೇಳದಂತೆ ತಡೆ ಹಾಕಿಸಿ. ದೊಡ್ಡವರು ಬೇಕಾದಾಗ ಬಿಡಿಸುವಂತಿರಲಿ, ಬೆಂಕಿ ಅನಾಹುತವಾದರೆ ಅದೇ ದಾರಿ ಆಗಬಹುದು.

ಪ್ರಶ್ನೆ: ಚಳಿಗಾಳಿ ಒಳಗೆ ಬರುತ್ತದೆ, ರಸ್ತೆಯ ಸದ್ದೂ ಜಾಸ್ತಿ. ಹಳೆಯ ಸ್ಯಾಶ್‌ಗೇ ಡಬಲ್ ಗಾಜು ಹಾಕಿಸಬಹುದಾ?

ಉತ್ತರ: ಹಾಕಿಸಬಹುದು, ಆದರೆ ತೂಕ ನೋಡಿಕೊಳ್ಳಿ. ಒಂದು ಚದರ ಮೀಟರ್ ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ. 90 ಸೆಂ.ಮೀ. ಅಗಲ, 70 ಸೆಂ.ಮೀ. ಎತ್ತರದ ಗಾಜು ಅಂದುಕೊಳ್ಳಿ. 3 ಮಿ.ಮೀ. ಒಂಟಿ ಗಾಜಾದರೆ ಸುಮಾರು 4.7 ಕೆ.ಜಿ. ಅದೇ ಜಾಗಕ್ಕೆ 4 ಮಿ.ಮೀ.ನ ಎರಡು ಗಾಜು ಕೂರಿಸಿದರೆ 12.6 ಕೆ.ಜಿ. ಸುಮಾರು 8 ಕೆ.ಜಿ. ಹೆಚ್ಚಾಯಿತು, ಅಂದರೆ ಒಂದೊಂದು ಗುಂಡಿಗೂ 4 ಕೆ.ಜಿ. ಸೇರಿಸಬೇಕು. ಪೆಟ್ಟಿಗೆಯೊಳಗೆ ಅಷ್ಟು ದೊಡ್ಡ ಕಬ್ಬಿಣದ ಗುಂಡಿಗೆ ಜಾಗ ಇರುವುದಿಲ್ಲ, ಆಗ ಸೀಸದ ಗುಂಡು ಬೇಕಾಗುತ್ತದೆ. ಒಂದೇ ಗಾತ್ರಕ್ಕೆ ಸೀಸ ಎರಕದ ಕಬ್ಬಿಣದ ಒಂದೂವರೆ ಪಟ್ಟು ಭಾರ. ಇದನ್ನು ಮಾಡದೆ ಗಾಜು ಮಾತ್ರ ಬದಲಾಯಿಸಿದವರ ಕಿಟಕಿ ಎತ್ತಿದರೆ ನಿಲ್ಲುವುದಿಲ್ಲ, ಹಗ್ಗ ಬೇಗ ಹರಿಯುತ್ತದೆ, ಮೂಲೆಯ ಜಾಯಿಂಟ್‌ಗಳು ಬಾಯಿ ಬಿಡುತ್ತವೆ. ತೆಳ್ಳನೆಯ ಅಡ್ಡಪಟ್ಟಿಗಳಿಂದ ಚಿಕ್ಕ ಚಿಕ್ಕ ಗಾಜಾಗಿ ಭಾಗ ಮಾಡಿದ ಸ್ಯಾಶ್ ಆದರೆ ಸಾಮಾನ್ಯ ಡಬಲ್ ಗಾಜು ಕೂರುವುದೇ ಇಲ್ಲ. ಇನ್ನೊಂದು, ಡಬಲ್ ಗಾಜಿನ ಅಂಚಿನ ಸೀಲನ್ನು ಅಗಸೆ ಎಣ್ಣೆ ಪುಟ್ಟಿ ಕೆಡಿಸಬಹುದು. ಅದಕ್ಕೆ ಹೊಂದುವ ಬೇರೆ ಅಂಟು ಬಳಸಬೇಕು.

ನನ್ನ ಸಲಹೆ ಕೇಳಿದರೆ ಮೊದಲು ಸಂದುಗಳನ್ನು ಮುಚ್ಚಿಸಿ. ಬೀಡಿಂಗ್ ಪಟ್ಟಿಗಳಲ್ಲಿ, ಎರಡು ಸ್ಯಾಶ್ ಸೇರುವ ಅಡ್ಡಪಟ್ಟಿಯಲ್ಲಿ, ಮೇಲೆ, ಕೆಳಗೆ ಸಣ್ಣ ಗೀರು ಕೊರೆದು ಬ್ರಷ್‌ನಂಥ ಗಾಳಿ ತಡೆಯುವ ಪಟ್ಟಿ ಕೂರಿಸುತ್ತಾರೆ. ಹಳೆಯ ಸ್ಯಾಶ್ ಕಿಟಕಿಯಲ್ಲಿ ಚಳಿ ಅನ್ನಿಸುವುದಕ್ಕೆ ದೊಡ್ಡ ಕಾರಣ ಈ ಸಂದುಗಳೇ. ಗಡಗಡ ಸದ್ದೂ ಅದರ ಜೊತೆಗೇ ಹೋಗುತ್ತದೆ. ಅದೂ ಸಾಲದಿದ್ದರೆ ಒಳಗಡೆಯಿಂದ ಬೇರೆಯೇ ಚೌಕಟ್ಟಿನಲ್ಲಿ ಎರಡನೇ ಗಾಜು ಹಾಕಿಸಿ. ಇದಕ್ಕೆ ಹಳೆಯ ಕಿಟಕಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ಶಾಖದ ಮಟ್ಟಿಗೆ ಇದು ಸಾಧಾರಣ ಡಬಲ್ ಗಾಜಿಗೆ ಹತ್ತಿರ ಬರುತ್ತದೆ. ಸದ್ದಿನ ವಿಷಯದಲ್ಲಿ ಎರಡು ಗಾಜಿನ ನಡುವೆ 100 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಜಾಗ ಬಿಟ್ಟರೆ ಡಬಲ್ ಗಾಜಿಗಿಂತಲೂ ಮೇಲು. ಒಳಗಿನ ಗಾಜು ಬಿಗಿಯಾಗಿ ಮುಚ್ಚಿಕೊಳ್ಳಲಿ. ಹೊರಗಿನ ಹಳೆಯ ಕಿಟಕಿಗೆ ಮಾತ್ರ ಆಗ ಗಾಳಿ ತಡೆಯುವ ಪಟ್ಟಿ ಪೂರ್ತಿ ಬೇಡ, ಸ್ವಲ್ಪ ಗಾಳಿಯಾಡಬೇಕು, ಇಲ್ಲದಿದ್ದರೆ ಎರಡರ ನಡುವೆ ನೀರಾವಿ ಕಟ್ಟಿ ಮರ ಒದ್ದೆಯಾಗುತ್ತದೆ.

ಪ್ರಶ್ನೆ: ನೀವು ಹೇಳಿದಂತೆ ಚುಚ್ಚಿ ನೋಡುವ ಕೆಲಸ ಬಡಗಿಯೇ ಮಾಡಿದ್ದಾರೆ. ಸಿಲ್, ಪಕ್ಕದ ಪೆಟ್ಟಿಗೆಗಳ ಬುಡ, ಎರಡೂ ಸ್ಯಾಶ್‌ನ ಕೆಳಭಾಗ ಎಲ್ಲಾ ಹೋಗಿದೆ. ಹೊಸದು ಹಾಕಿಸಲೇಬೇಕಂತೆ. ಏನು ಕೇಳಿ ಹಾಕಿಸಬೇಕು?

ಉತ್ತರ: ಇಷ್ಟೂ ಕಡೆ ಹೋಗಿದ್ದರೆ ಹೊಸದೇ ಸರಿ, ರಿಪೇರಿ ಅಂತ ಹಟ ಹಿಡಿಯುವುದರಲ್ಲಿ ಅರ್ಥ ಇಲ್ಲ. ಉಳಿದ ಕಿಟಕಿಗಳನ್ನು ಒಂದೊಂದಾಗಿ ನೋಡಿಸಿ. ಒಂದು ಹೋಗಿದೆ ಅಂದ ಮಾತ್ರಕ್ಕೆ ಎಲ್ಲಾ ಹೋಗಿರುವುದಿಲ್ಲ. ಮಳೆ ಬಡಿಯುವ ಗೋಡೆಯ ಕಿಟಕಿ ಸತ್ತಿದ್ದರೂ ಹಿಂದಿನ ಗೋಡೆಯದ್ದು ಹೊಸದರಂತೆ ಇರಬಹುದು. ಪೆಟ್ಟಿಗೆ ಚೆನ್ನಾಗಿದ್ದು ಸ್ಯಾಶ್ ಮಾತ್ರ ಕೆಟ್ಟಿರುವ ಕಡೆ ಸ್ಯಾಶ್ ಒಂದನ್ನೇ ಹೊಸದು ಮಾಡಿಸಿ. ಆಗ ಗೋಡೆ ಒಡೆಯುವ, ಗಾರೆ ಬಳಿಯುವ ರಗಳೆ ಇರುವುದಿಲ್ಲ.

ಕೇಳಬೇಕಾದ್ದು ಇಷ್ಟು. ಮರ ಯಾವುದು, ಎಷ್ಟು ಒಣಗಿಸಿದ್ದಾರೆ. ಜೋಡಿಸುವ ಮೊದಲು ತುಂಡುಗಳ ಕೊನೆಗಳಿಗೂ ಪ್ರೈಮರ್ ಹಚ್ಚುತ್ತಾರಾ. ನೀರು ಹೀರುವುದೇ ಆ ಕೊಯ್ದ ತುದಿ. ಗುಂಡಿನ ತೂಕವನ್ನು ಹೊಸ ಗಾಜು ಕೂರಿಸಿದ ಸ್ಯಾಶ್ ತೂಗಿ ನೋಡಿ ಲೆಕ್ಕ ಹಾಕುತ್ತಾರಾ, ಅಂದಾಜಿನ ಮೇಲೆ ಹಾಕುತ್ತಾರಾ. ಗುಂಡಿನ ಬದಲು ಸ್ಪ್ರಿಂಗ್ ಇರುವ ಸ್ಯಾಶ್ ಆದರೆ ಆ ಸ್ಪ್ರಿಂಗ್ ಕೆಟ್ಟಾಗ ಬಿಡಿಯಾಗಿ ಸಿಗುತ್ತದಾ. ಡಬಲ್ ಗಾಜಿನ ಒಳಗೆ ಮಂಜು ಕಟ್ಟಿದರೆ ಆ ಗಾಜೊಂದನ್ನೇ ಬದಲಾಯಿಸಲು ಬರುವ ಹಾಗೆ ಕೂರಿಸುತ್ತಾರಾ. ಮಂಜು ಕಟ್ಟಿತು ಅಂದರೆ ಸೀಲ್ ಹೋಗಿದೆ ಅಂತ, ಒರೆಸಿದರೆ ಹೋಗುವುದಿಲ್ಲ. ಕಿಟಕಿ ನೆಲಕ್ಕೆ ಹತ್ತಿರ ಇದ್ದರೆ ಒಡೆದರೂ ಚೂಪು ಚೂರಾಗದ ಸುರಕ್ಷಾ ಗಾಜು ಕೇಳಿ. ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಕಿಟಕಿ ಮುಟ್ಟುವ ಮೊದಲೇ ಅನುಮತಿ ಬೇಕಾಗಬಹುದು.

ಎಲ್ಲಕ್ಕೂ ಒಟ್ಟಿಗೆ ಆರ್ಡರ್ ಕೊಡಬೇಡಿ. ಒಂದು ಕಿಟಕಿ ಮಾಡಿಸಿ ಒಂದು ಮಳೆಗಾಲ ಕಳೆಯಲಿ. ಹಳೆಯ ಗುಂಡು, ಹಿತ್ತಾಳೆ ರಾಟೆ, ಚಿಲಕಗಳನ್ನು ಕೆಲಸದವರು ಗುಜರಿಗೆ ಒಯ್ಯುವ ಮೊದಲು ತೆಗೆದಿಟ್ಟುಕೊಳ್ಳಿ. ಉಳಿದ ಕಿಟಕಿಗಳ ರಿಪೇರಿಗೆ ಅವೇ ಅಳತೆಯ ಸಾಮಾನು ಬೇಕಾಗುತ್ತದೆ.